ಓಡಾಟ ನನ್ನದು, ಕುರ್ಚಿ ಅವಳದಾ?

ಪತ್ರ: ಮೇಡಂ, ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯವಳು. ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ, ಈಗ ಐದನೇ ಸೆಮಿಸ್ಟರ್. ಮೊದಲ ವರ್ಷದಿಂದಲೂ ನಮ್ಮ ಕನ್ನಡ ಸಂಘದಲ್ಲಿದ್ದೇನೆ. ಹೋದ ವರ್ಷದ ರಾಜ್ಯೋತ್ಸವಕ್ಕೆ ಪರ್ಮಿಷನ್ ಲೆಟರ್ ಹಿಡಿದು ಓಡಾಡಿದ್ದು ನಾನೇ, ಡೊಳ್ಳಿನ ತಂಡ ಹುಡುಕಿದ್ದು ನಾನೇ, ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ಹೂವು ತಂದಿದ್ದೂ ನಾನೇ. ಹೂವಿನವರು ಬಿಲ್ ಕೊಡಲಿಲ್ಲ ಅಂತ ಆ 1,800 ರೂಪಾಯಿ ನನ್ನ ಕೈಯಿಂದಲೇ ಹೋಯಿತು.

ಮುಂದಿನ ತಿಂಗಳು ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ. 140 ಸದಸ್ಯರಿದ್ದಾರೆ. ಐದು ನಿಮಿಷ ಮಾತಾಡಬೇಕು, ಆಮೇಲೆ ಗೂಗಲ್ ಫಾರ್ಮಿನಲ್ಲಿ ವೋಟು. ನಾನು ನಿಲ್ಲಬೇಕು ಅಂತ ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಅಷ್ಟರಲ್ಲಿ ನನ್ನ ಗೆಳತಿ, ಪಿಜಿಯಲ್ಲಿ ಪಕ್ಕದ ರೂಮಿನವಳು, ತಾನು ನಿಲ್ಲುತ್ತೇನೆ ಅಂದಳು. ನಿರೂಪಣೆ ಚೆನ್ನಾಗಿ ಮಾಡುತ್ತಾಳೆ, ಎಲ್ಲರಿಗೂ ಪರಿಚಯ. "ನೀನು ಕಾರ್ಯದರ್ಶಿ ಆಗು, ನೀನಿದ್ದರೆ ನನಗೆ ಟೆನ್ಷನ್ ಇಲ್ಲ" ಅಂದಳು. ನಾನು ಸುಮ್ನೆ ನಕ್ಕೆ. ಅವಳ ಕಡೆಯವರು ಆಗಲೇ ರೀಲ್ಸ್ ಮಾಡಿ ಹಾಕಿದ್ದಾರೆ, ಜೂನಿಯರ್‌ಗಳಿಗೆ ಪಿಜ್ಜಾ ಕೊಡಿಸುತ್ತಿದ್ದಾರೆ. ಅಮ್ಮ ಅಂತೂ "ಸಾಲ ಮಾಡಿ ಕಳಿಸಿರೋದು ಓದೋಕೆ" ಅಂತಾರೆ. ಡೀನ್ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡಬೇಕು ಅಂದರೆ ಕೈ ಬೆವರುತ್ತದೆ. ನಿಂತರೆ ಗೆಳೆತನ ಹೋಗುತ್ತದೆ. ನಿಲ್ಲದಿದ್ದರೆ ನಿದ್ದೆ ಬರುವುದಿಲ್ಲ. ಏನು ಮಾಡಲಿ?

ಉತ್ತರ: ನೀನು ಅಂತಲೇ ಕರೆಯುತ್ತೇನೆ, ಬೇಜಾರಿಲ್ಲ ತಾನೆ? ನನ್ನ ಮಗಳಿಗಿಂತ ಚಿಕ್ಕವಳು ನೀನು.

ನಿಲ್ಲು. ಇದನ್ನು ಕೊನೆಗೆ ಹೇಳೋಣ ಅಂದುಕೊಂಡಿದ್ದೆ. ನಿನಗೆ ನಿದ್ದೆ ಬೇರೆ ಬರುತ್ತಿಲ್ಲವಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಆದರೆ ಈಗ ಯಾವ ಕಾರಣಕ್ಕೆ ನಿಲ್ಲಬೇಕು ಅಂದುಕೊಂಡಿದ್ದೀಯೋ ಆ ಕಾರಣಕ್ಕೆ ಬೇಡ.

ನಿನ್ನ ಪತ್ರ ನಾಲ್ಕು ಪುಟ ಇತ್ತು. ಓದುಗರಿಗೆ ಸಂಕ್ಷಿಪ್ತವಾಗಿ ಕೊಟ್ಟಿದ್ದೇನೆ. ಆ ನಾಲ್ಕು ಪುಟದಲ್ಲಿ "ನಾನೇ" ಅನ್ನುವ ಮಾತು ಹನ್ನೊಂದು ಸಲ ಬಂದಿದೆ. ಪೆನ್ಸಿಲ್ ಹಿಡಿದು ಎಣಿಸಿದೆ. ಕೆಲಸ ಮಾಡಿದ್ದೀಯ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಕೆಲಸ ಮಾಡಿದ್ದಕ್ಕೆ ಕೂಲಿಯ ಹಾಗೆ ಅಧ್ಯಕ್ಷ ಸ್ಥಾನ ಸಿಗಬೇಕು, ಯಾರಾದರೂ ಕರೆದು "ತಗೋಮ್ಮ, ಇದು ನಿನ್ನದೇ" ಅನ್ನಬೇಕು ಅಂತ ಎಲ್ಲೋ ಒಳಗೆ ಕಾಯುತ್ತಿದ್ದೀಯ. ಯಾರೂ ಕರೆಯಲಿಲ್ಲ. ಗೆಳತಿ ಬಾಯಿಬಿಟ್ಟು ಕೇಳಿದಳು. ಹೊಟ್ಟೆ ಉರಿದದ್ದು ಅಲ್ಲಿ.

ಈ ಉರಿ ನನಗೆ ಚೆನ್ನಾಗಿ ಗೊತ್ತು. 1986. ಜಿಲ್ಲಾ ಕೇಂದ್ರದ ಒಂದು ಕಾಲೇಜು, ಹೆಸರು ಬೇಡ. ನಾನು ಎರಡನೇ ಬಿ.ಎ. ಆಗ ಯೂನಿಯನ್ ಚುನಾವಣೆ ಅಂದರೆ ಊರ ಜಾತ್ರೆ. ತೆರೆದ ಜೀಪು, ತಮಟೆ, ಹಾಸ್ಟೆಲಿನವರದ್ದೊಂದು ಗುಂಪು, ಪೇಟೆಯವರದ್ದೊಂದು ಗುಂಪು. ನನಗೆ ಕಾರ್ಯದರ್ಶಿ ಆಗಬೇಕು ಅಂತ ಆಸೆ. ಹುಡುಗರು ಬಂದು, "ಆ ಜಗಳ ನಿಮಗ್ಯಾಕೆ, ಲೇಡಿ ರೆಪ್ರೆಸೆಂಟೇಟಿವ್‌ಗೆ ನಿಲ್ಲಿ, ಅವಿರೋಧವಾಗಿ ಮಾಡಿಬಿಡ್ತೀವಿ" ಅಂದರು. ನಾನೂ ಸುಮ್ನೆ ನಕ್ಕೆ. ನಿನ್ನ ಹಾಗೆಯೇ.

ಆ ವರ್ಷವಿಡೀ ನನ್ನ ಕೆಲಸ ವೇದಿಕೆಯ ಪಕ್ಕ ಹಾರದ ತಟ್ಟೆ ಹಿಡಿದು ನಿಲ್ಲುವುದು. ವಾರ್ಷಿಕೋತ್ಸವದ ದಿನ ಕಾರ್ಯದರ್ಶಿ ಓದಿದ ವರದಿ ನಾನು ಬರೆದುಕೊಟ್ಟದ್ದು. "ಕೃತಜ್ಞತೆ" ಅನ್ನುವಲ್ಲಿ ಅವನು ತಡವರಿಸಿದ. ನಾನು ತಟ್ಟೆ ಹಿಡಿದುಕೊಂಡೇ ಆ ಪದವನ್ನು ತುಟಿಯಲ್ಲಿ ಹೇಳಿಕೊಡುತ್ತಿದ್ದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಗೆಳತಿಯರು ನೋಡಿ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಕ್ಕರು. ಬಹಳ ವರ್ಷ ಆ ಹುಡುಗನ ಮೇಲೆ ಸಿಟ್ಟಿತ್ತು. ಪಾಪ, ಅವನದೇನು ತಪ್ಪು? ನನಗೆ ಕಾರ್ಯದರ್ಶಿ ಆಗಬೇಕು ಅಂತ ನಾನು ಒಬ್ಬರ ಹತ್ತಿರವೂ ಹೇಳಿರಲಿಲ್ಲ.

ಆ ಚುನಾವಣೆಗಳು 1980ರ ದಶಕದ ಕೊನೆಗೆ ನಮ್ಮ ರಾಜ್ಯದಲ್ಲಿ ನಿಂತುಹೋದವು. ಹೊಡೆದಾಟ ಜಾಸ್ತಿಯಾಗಿತ್ತು ಅನ್ನುವುದು ನಿಜವೇ. ಆದರೆ ಆಮೇಲೆ ಬಂದವರು ಎದುರುಬದುರು ನಿಂತು, ಸೋತು, ಮಾರನೇ ದಿನ ಅದೇ ಕ್ಯಾಂಟೀನಿನಲ್ಲಿ ಒಂದೇ ಟೇಬಲ್ಲಿಗೆ ಕೂರುವುದನ್ನು ನೋಡಲೇ ಇಲ್ಲ. ನಾವು ನೋಡಿದ್ದೆವು. ಅದಕ್ಕೇ ಇರಬೇಕು, ನಿನಗೆ ಚುನಾವಣೆ ಅಂದಕೂಡಲೇ ಗೆಳೆತನ ಮುಗಿಯಿತು ಅನ್ನಿಸುತ್ತಿದೆ.

ಈಗ ಗೆಳತಿಯ ವಿಷಯ. ಅವಳನ್ನು ವಿಲನ್ ಮಾಡಬೇಡ. ಅವಳಿಗೆ ನಿನ್ನ ಆಸೆ ಗೊತ್ತೇ ಇಲ್ಲ. ನೀನು ನಕ್ಕೆ, ಒಪ್ಪಿದಳು ಅಂತ ಅವಳು ತಿಳಿದುಕೊಂಡಳು. ಮತ್ತೆ ಒಂದು ಮಾತು, ಕೋಪ ಬಂದರೂ ಪರವಾಗಿಲ್ಲ: ಮುನ್ನೂರು ಜನರ ಮುಂದೆ ಮೈಕ್ ಕೈಕೊಟ್ಟಾಗ ನಗಿಸುತ್ತಾ ಐದು ನಿಮಿಷ ಸಭೆಯನ್ನು ಹಿಡಿದಿಡುವುದೂ ಕೆಲಸವೇ. ಹೂವು ತರುವುದು ಮಾತ್ರ ಕೆಲಸ ಅಲ್ಲ. ಆದರೆ "ನೀನಿದ್ದರೆ ನನಗೆ ಟೆನ್ಷನ್ ಇಲ್ಲ" ಅಂದಳಲ್ಲ, ಆ ಮಾತನ್ನು ಇನ್ನೊಂದು ಸಲ ಓದು. ಟೆನ್ಷನ್ ಎಲ್ಲಿಗೂ ಹೋಗಿಲ್ಲ. ಅವಳಿಂದ ನಿನ್ನ ಹೆಗಲಿಗೆ ಬಂದಿದೆ, ಅಷ್ಟೇ. ಪ್ರೀತಿಯಿಂದಲೇ ಅಂದಿರಬಹುದು. ನಮ್ಮ ಹುಡುಗರೂ ಪ್ರೀತಿಯಿಂದಲೇ ಅಂದಿದ್ದರು.

ನಾಮಿನೇಷನ್ ಹಾಕುವ ಮುಂಚೆ ಅವಳ ರೂಮಿಗೆ ಹೋಗು. ವಾಟ್ಸ್ಆಪ್ ಬೇಡ. ಮೂರನೆಯವರ ಬಾಯಿಂದ ಅವಳಿಗೆ ಗೊತ್ತಾಗುವುದಂತೂ ಬೇಡವೇ ಬೇಡ. ಹೋಗಿ, "ನೀನು ಕೇಳಿದ ದಿನವೇ ಹೇಳಬೇಕಿತ್ತು, ಹೇಳಲಿಲ್ಲ, ತಪ್ಪು ನನ್ನದು. ನಾನೂ ನಿಲ್ಲುತ್ತಿದ್ದೇನೆ" ಅನ್ನು. ಅಷ್ಟು ಸಾಕು. "ನಿನಗೆ ಬೇಜಾರಾದರೆ ಹಿಂದೆ ತಗೋತೀನಿ" ಅಂತ ಬಾಲ ಸೇರಿಸಬೇಡ, ಆಗ ನಿರ್ಧಾರ ಅವಳ ತಲೆಗೆ ಹೋಗುತ್ತದೆ. ನಾಲ್ಕು ದಿನ ಮುಖ ತಿರುಗಿಸಬಹುದು. ತಿರುಗಿಸಲಿ. ಈ ಒಂದು ಮಾತಿಗೇ ಮುರಿದುಬೀಳುವ ಗೆಳೆತನವಾದರೆ, ಕಾರ್ಯದರ್ಶಿಯಾಗಿ ವರ್ಷಪೂರ್ತಿ ಒಳಗೊಳಗೇ ಹಲ್ಲು ಕಚ್ಚಿಕೊಂಡಿದ್ದರೂ ಅದು ಉಳಿಯುತ್ತಿರಲಿಲ್ಲ.

ಪಿಜ್ಜಾ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡ. ವಿದ್ಯಾರ್ಥಿ ಸಂಘಗಳ ಚುನಾವಣೆ ಹೇಗಿರಬೇಕು ಅಂತ ಲಿಂಗ್ಡೋ ಸಮಿತಿ ಮಾಡಿದ ಶಿಫಾರಸುಗಳನ್ನು ಸುಪ್ರೀಂ ಕೋರ್ಟು 2006ರಲ್ಲಿ ಒಪ್ಪಿಕೊಂಡಿತು. ಒಬ್ಬ ಅಭ್ಯರ್ಥಿಯ ಖರ್ಚಿಗೆ ಅದರಲ್ಲಿ ಹಾಕಿದ ಮಿತಿ 5,000 ರೂಪಾಯಿ. ಅಚ್ಚು ಹಾಕಿಸಿದ ಪೋಸ್ಟರ್ ಕೂಡದು, ಕೈಯಲ್ಲಿ ಬರೆದದ್ದು ಮಾತ್ರ. ಇಡೀ ವಿಶ್ವವಿದ್ಯಾಲಯದ ಯೂನಿಯನ್ನಿಗೇ ಅಷ್ಟು ಸಾಕು ಅಂದಿರುವಾಗ, 140 ಜನರ ಸಂಘಕ್ಕೆ ನೀನು ಟೀ ಕಾಸಿನ ಮೇಲೆ ಒಂದು ಪೈಸೆ ಖರ್ಚು ಮಾಡಬೇಕಾಗಿಲ್ಲ. ಆ ನಿಯಮ ಕ್ಲಬ್ಬುಗಳಿಗೆ ಅಂತ ಮಾಡಿದ್ದಲ್ಲ ಬಿಡು. ಆದರೂ ಅದರಲ್ಲಿ ನಿನಗೆ ಬೇಕಾದ ಇನ್ನೆರಡು ಮಾತಿವೆ: ನಿಲ್ಲುವವರ ಹಾಜರಾತಿ ಕನಿಷ್ಠ ಶೇಕಡಾ 75 ಇರಬೇಕು, ಆ ವರ್ಷ ಬಾಕಿ ಉಳಿದ ಸಬ್ಜೆಕ್ಟ್ ಇರಬಾರದು.

ಅಮ್ಮನ ಹತ್ತಿರ ಮಾತಾಡುವಾಗ ಇದನ್ನೇ ಹಿಡಿದುಕೋ. "ನಂಗೆ ಲೀಡರ್ ಆಗ್ಬೇಕು" ಅಂತ ಶುರುಮಾಡಬೇಡ. ಹೋದ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್ ಮೊದಲು, ಸಂಘ ಆಮೇಲೆ. ಒಂದು ಸಬ್ಜೆಕ್ಟ್ ಹೋದರೂ ಬಿಟ್ಟುಬಿಡುತ್ತೇನೆ ಅಂತ ಮಾತು ಕೊಡು, ಕೊಟ್ಟ ಮೇಲೆ ಉಳಿಸಿಕೋ. ಅಮ್ಮ ಹೆದರಿರುವುದು ಸಾಲಕ್ಕೆ, ಸಂಘಕ್ಕಲ್ಲ. ಇನ್ನು "ಅಧ್ಯಕ್ಷೆ ಆದರೆ ರೆಸ್ಯೂಮೆಗೆ ಒಳ್ಳೇದು" ಅಂತ ಯಾರೋ ಹೇಳಿದ್ದನ್ನು ಬರೆದಿದ್ದೀಯ. ಆ ಒಂದು ಸಾಲು ನೋಡಿ ಯಾರೂ ಕೆಲಸ ಕೊಡುವುದಿಲ್ಲ. ಏನು ಮಾಡಿದೆ ಅಂತ ಕೇಳಿದಾಗ ಹೇಳುವುದಕ್ಕೆ ಏನಾದರೂ ಇರಬೇಕು.

ನಿನ್ನ ಹತ್ತಿರ ಅದು ಇದೆ. ನಾಲ್ಕನೇ ಪುಟದ ಕೊನೆಯಲ್ಲಿ, ಜಾಗ ಸಾಲದೆ ಅಂಚಿನಲ್ಲಿ ಬರೆದಿದ್ದೀಯ. ಹಾಸ್ಟೆಲಿನಲ್ಲಿ ಬೇರೆ ರಾಜ್ಯದವರೇ ಜಾಸ್ತಿ, ಮೆಸ್ಸಿನ ಅಕ್ಕನ ಹತ್ತಿರ "ಇನ್ನೊಂಚೂರು ಸಾರು ಹಾಕಿ" ಅನ್ನುವುದಕ್ಕೂ ಬರುವುದಿಲ್ಲ, ಬೆರಳು ತೋರಿಸುತ್ತಾರೆ. ಅವರಿಗೆ ವಾರಕ್ಕೊಂದು ಗಂಟೆ ಮಾತಾಡುವ ಕನ್ನಡ ಹೇಳಿಕೊಡಬೇಕು ಅಂತ ನಿನಗೆ ಆಸೆ. ಅಲ್ಲಾ ಕಣೇ, ಇದನ್ನು ಅಂಚಿನಲ್ಲಿ ಬರೆಯುತ್ತಾರಾ! ನಾಲ್ಕು ಪುಟದಲ್ಲಿ ಓದಬೇಕಾದ ಸಾಲು ಇದೊಂದೇ ಇತ್ತು.

ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ನೂರು ವರ್ಷಕ್ಕೂ ಹಿಂದೆ ಕಟ್ಟಿದ ಕರ್ನಾಟಕ ಸಂಘದಿಂದ 'ಪ್ರಬುದ್ಧ ಕರ್ನಾಟಕ'ದಂಥ ಪತ್ರಿಕೆ ಹೊರಟಿತು. ಈಗಿನ ಎಷ್ಟೋ ಕಾಲೇಜುಗಳಲ್ಲಿ ಕನ್ನಡ ಸಂಘ ಅಂದರೆ ನವೆಂಬರಿನ ಒಂದು ದಿನ. ಕೆಂಪು ಹಳದಿ ಶಾಲು, ಡೊಳ್ಳು, ಗ್ರೂಪ್ ಫೋಟೋ, ಮುಗಿಯಿತು. ಡಿಸೆಂಬರಿನಲ್ಲಿ ಸಂಘ ಎಲ್ಲಿದೆ ಅಂತ ಕೇಳಿದರೆ ಬೀರುವಿನಲ್ಲಿ ಬ್ಯಾನರ್ ಜೊತೆ ಮಡಚಿಟ್ಟಿದೆ. ನೀನು ಹೇಳುತ್ತಿರುವುದು ಉಳಿದ ಹನ್ನೊಂದು ತಿಂಗಳ ಮಾತು. ನಿಲ್ಲುವುದಾದರೆ ಇದಕ್ಕೆ ನಿಲ್ಲು.

ಐದು ನಿಮಿಷದ ಭಾಷಣದಲ್ಲಿ ಮಾಡಿದ ಕೆಲಸದ ಪಟ್ಟಿ ಓದಬೇಡ. ಅದು ಅವರಿಗೆ ಗೊತ್ತು, ಗೊತ್ತಿಲ್ಲದವರಿಗೆ ಅದು ಬೇಕಾಗಿಯೂ ಇಲ್ಲ. ಮೆಸ್ಸಿನ ಅಕ್ಕನಿಂದ ಶುರುಮಾಡು. ಆಮೇಲೆ ಯಾವ ದಿನ, ಯಾವ ಕ್ಲಾಸ್‌ರೂಮು, ಮೊದಲ ತಿಂಗಳು ಯಾರು ಹೇಳಿಕೊಡುತ್ತಾರೆ ಅಂತ ಹೇಳು. ಹೇಳಿಕೊಡುವವರ ಸಾಲಿನಲ್ಲಿ ನಿನ್ನ ಹೆಸರು ಇರದಿದ್ದರೆ ಇನ್ನೂ ಚೆಂದ. ನಾನು ಹೆದರುವುದು ನಿನ್ನ ಇಂಗ್ಲಿಷಿಗಲ್ಲ, ಆ ಹನ್ನೊಂದು "ನಾನೇ"ಗಳಿಗೆ. ಎಲ್ಲ ತಾನೇ ಮಾಡುವವಳು ಅಧ್ಯಕ್ಷೆಯಾದರೆ ಬೆಳಗಿನ ಜಾವ ಮಾರ್ಕೆಟ್ಟಿಗೂ ಅವಳೇ ಹೋಗುತ್ತಾಳೆ, ಹತ್ತು ಗಂಟೆಗೆ ವೇದಿಕೆಯ ಮೇಲೆ ತೂಕಡಿಸುತ್ತಾಳೆ. ಆ 1,800 ರೂಪಾಯಿಯನ್ನೇ ನೋಡು. ಮಾರ್ಕೆಟ್ಟಿನ ಹೂವಿನವರು ಚೀಟಿಯ ಹಿಂದೆ ಲೆಕ್ಕ ಗೀಚಿಕೊಡುತ್ತಾರೆ, ಅಕೌಂಟ್ಸ್‌ನವರು ಅದನ್ನು ಒಪ್ಪುವುದಿಲ್ಲ. ನೀನು ಕೈಯಿಂದ ಹಾಕಿ ಸುಮ್ಮನಾದೆ. ಈ ವರ್ಷವೂ ಯಾರೋ ಒಬ್ಬ ಜೂನಿಯರ್ ಕೈಯಿಂದ ಹಾಕುತ್ತಾನೆ. ಬಿಲ್ ಸಿಗದ ಚಿಲ್ಲರೆ ಖರ್ಚಿಗೆ ವೋಚರ್ ಬರೆದರೆ ಸಾಕಾ ಅಂತ ಕಾರ್ಯಕ್ರಮಕ್ಕೆ ಒಂದು ತಿಂಗಳ ಮುಂಚೆಯೇ ಕೇಳಿ, ಒಪ್ಪಿಗೆಯನ್ನು ಬರವಣಿಗೆಯಲ್ಲಿ ತರುವವಳು ಅಧ್ಯಕ್ಷೆ.

ಡೀನ್ ಹತ್ತಿರ ಹೋಗುವಾಗ ಏನು ಬೇಕು ಅಂತ ಮೂರು ಸಾಲು ಬರೆದುಕೊಂಡು ಹೋಗು. ನೋಡಿಕೊಂಡೇ ಓದು. ಅವರಿಗೂ ಬೇಕಾಗಿರುವುದು ದಿನಾಂಕ, ಹಾಲ್, ದುಡ್ಡು, ಈ ಮೂರೇ.

ವೋಟು ಕೇಳುವುದಕ್ಕೆ ನಾಚಿಕೆ ಅಂದಿದ್ದೀಯ. ನಾಚಿಕೆ ಆಗುತ್ತದೆ, ಆಗಲಿ. ಗ್ರೂಪಿಗೆ ಒಂದು ಮೆಸೇಜ್ ಹಾಕಿ ಕೂತುಕೊಳ್ಳಬೇಡ. ದಿನಕ್ಕೆ ಐದಾರು ಜನರ ಹತ್ತಿರ ಎದುರಿಗೇ ಹೋಗು, ಅದರಲ್ಲೂ ಸಭೆಗೆ ಬಂದು ಹಿಂದಿನ ಸಾಲಿನಲ್ಲಿ ಕೂತು ಮಾತಾಡದೆ ಎದ್ದುಹೋಗುವ ಎರಡನೇ ವರ್ಷದವರ ಹತ್ತಿರ. "ಸಂಘದಲ್ಲಿ ನಿಂಗೇನು ಬೇಜಾರು?" ಅಂತ ಮೊದಲು ಕೇಳು, ವೋಟು ಆಮೇಲೆ. ಅವರು ಹೇಳುವುದರಲ್ಲಿ ನಿನ್ನ ಮೇಲಿನ ದೂರೂ ಇರಬಹುದು. "ಅಕ್ಕಾ, ನೀವು ನಮಗೆ ಏನೂ ಮಾಡೋಕೆ ಬಿಡಲ್ಲ" ಅಂತ ಯಾರಾದರೂ ಅಂದರೆ ವಾದ ಮಾಡಬೇಡ. ಬರೆದುಕೋ.

ಸೋಲುವ ಸಾಧ್ಯತೆಯೇ ಜಾಸ್ತಿ ಅಂತ ನನ್ನ ಲೆಕ್ಕ. ಅವಳಿಗೆ ಪರಿಚಯ ಹೆಚ್ಚು, ಮಾತೂ ಹೆಚ್ಚು. ಸೋತರೆ ಕಾರ್ಯದರ್ಶಿ ಆಗುತ್ತೀಯಾ ಇಲ್ಲವಾ ಅಂತ ಈಗಲೇ ಯೋಚಿಸಿಡು, ಆ ದಿನದ ಸಿಟ್ಟಿನಲ್ಲಿ ಬೇಡ. ಕೇಳಿದರೆ ಆಗು ಅಂತೀನಿ ನಾನು, ಆದರೆ ವಾರದ ಕನ್ನಡ ತರಗತಿಯನ್ನು ಒಪ್ಪಿಕೊಂಡರೆ ಮಾತ್ರ. ಹಾರದ ತಟ್ಟೆ ಹಿಡಿಯುವುದಕ್ಕಾದರೆ ಬೇಡ.

ಇನ್ನೊಂದು. ಡೊಳ್ಳಿನ ತಂಡದವರ ನಂಬರ್ ನಿನ್ನ ಫೋನಿನಲ್ಲಿ ಮಾತ್ರ ಇದೆ, "ನಾನಿಲ್ಲದಿದ್ದರೆ ಏನು ಮಾಡ್ತಾರೋ ನೋಡೋಣ" ಅಂತ ಬರೆದು ಆಮೇಲೆ ಹೊಡೆದುಹಾಕಿದ್ದೀಯ. ಹೊಡೆದುಹಾಕಿದ್ದನ್ನೂ ಓದಿದೆ, ಬೆಳಕಿಗೆ ಹಿಡಿದರೆ ಕಾಣುತ್ತದೆ. ಆ ನಂಬರನ್ನು, ಹೂವಿನವರ ನಂಬರನ್ನು, ಸೌಂಡ್ ಸಿಸ್ಟಮ್‌ನವರ ನಂಬರನ್ನು ನಾಳೆಯೇ ಸಂಘದ ರಿಜಿಸ್ಟರಿನಲ್ಲಿ ಬರೆದಿಡು. ನಾಮಿನೇಷನ್ ಹಾಕುವುದಕ್ಕೆ ಮುಂಚೆ.