ಔಷಧಿಗೆ ಒಗ್ಗಿಹೋಗುವುದು ರೋಗಿಯ ದೇಹವೋ, ರೋಗಾಣುವೋ?

ಸೋಮವಾರಪೇಟೆಯ ಕಡೆಯವರಾದ ನೀವು ಕೇಳಿರುವುದು ಇಷ್ಟು: ಕಳೆದ ಮಳೆಗಾಲದಲ್ಲಿ ನಿಮ್ಮ ತಾಯಿಯವರಿಗೆ ಜ್ವರ ಬಂತು, ವಿಡಾಲ್ ಪರೀಕ್ಷೆಯ ಮೇಲೆ ಟೈಫಾಯ್ಡ್ ಎಂದರು, ಐದು ದಿನ ಅಜಿತ್ರೋಮೈಸಿನ್ ಮಾತ್ರೆ ನುಂಗಿದರೂ ಜ್ವರ ಬಿಡಲಿಲ್ಲ, ಕೊನೆಗೆ ಆಸ್ಪತ್ರೆಗೆ ಸೇರಿಸಿ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಕೊಟ್ಟ ಮೇಲೆ ಗುಣವಾಯಿತು. ಹಿಂದೆ ಪದೇ ಪದೇ ಮಾತ್ರೆ ತೆಗೆದುಕೊಂಡದ್ದರಿಂದ ಅವರ ದೇಹವೇ ಔಷಧಿಗೆ ಒಗ್ಗಿಹೋಗಿದೆ ಎಂದು ನೆರೆಮನೆಯವರು ಹೇಳುತ್ತಿದ್ದಾರೆ. ಅದು ನಿಜವೇ, ಇನ್ನು ಮುಂದೆ ಆ ಮಾತ್ರೆ ಅವರಿಗೆ ನಾಟುವುದೇ ಇಲ್ಲವೇ ಎಂಬುದು ನಿಮ್ಮ ಪ್ರಶ್ನೆ. ನಾನು ವಿರಾಜಪೇಟೆಯ ಕಡೆಯವನು, ವೃತ್ತಿಯಿಂದ ಸೂಕ್ಷ್ಮಜೀವಿ ವಿಜ್ಞಾನಿ; ಬ್ಯಾಕ್ಟೀರಿಯಾಗಳು ಔಷಧಿಗೆ ಬಗ್ಗದಂತೆ ಆಗುವುದು ಅವುಗಳ ಯಾವ ಜೀನ್‌ನಿಂದ ಎಂದು ಹುಡುಕುವುದೇ ನನ್ನ ಕೆಲಸ. ದೇಹ ಒಗ್ಗುವುದಿಲ್ಲ, ಬದಲಾಗುವುದು ರೋಗಾಣು. ಆದರೆ ನಿಮ್ಮ ತಾಯಿಯವರ ವಿಷಯದಲ್ಲಿ ರೋಗಾಣುವೇ ಬದಲಾಗಿತ್ತು ಎನ್ನುವುದಕ್ಕೂ ನೀವು ಬರೆದಿರುವುದರಲ್ಲಿ ಪುರಾವೆ ಇಲ್ಲ.

ಕಾಫಿ ತೋಟದವರಿಗೆ ಈ ಸಂಗತಿ ಹೊಸದಾಗಬಾರದು. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಎಲೆ ತುಕ್ಕು ರೋಗಕ್ಕೆ ಜಗ್ಗದ ಅರೇಬಿಕಾ ಎಂದು ಕೆಂಟ್ಸ್ ತಳಿಯನ್ನು ಎಲ್ಲ ಕಡೆ ನೆಟ್ಟರು. ಕೆಲವು ವರ್ಷಗಳಲ್ಲಿ ಅದಕ್ಕೂ ತುಕ್ಕು ಹತ್ತಿತು. ಗಿಡ ಕೆಟ್ಟಿರಲಿಲ್ಲ. ತುಕ್ಕು ತರುವ ಶಿಲೀಂಧ್ರದಲ್ಲೇ ಬೇರೆ ಬೇರೆ ಪಂಗಡಗಳಿವೆ, ಕೆಂಟ್ಸ್ ಮೇಲೆ ಬೆಳೆಯಬಲ್ಲ ಪಂಗಡ ಹರಡಿಕೊಂಡಿದೆ ಎಂಬುದನ್ನು 1930ರ ದಶಕದಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ವಿಲ್ಸನ್ ಮೇಯ್ನ್ ತೋರಿಸಿದರು. ಇಂದಿಗೂ ನಮ್ಮ ತೋಟಗಳಲ್ಲಿರುವ ಎಸ್ 795 ತಳಿಯ ಒಂದು ಕಡೆಯ ಪೂರ್ವಿಕ ಆ ಕೆಂಟ್ಸೇ. ಔಷಧಿ ಮತ್ತು ಬ್ಯಾಕ್ಟೀರಿಯಾದ ನಡುವೆಯೂ ನಡೆಯುವುದು ಬಹುಮಟ್ಟಿಗೆ ಇದೇ.

ಔಷಧಿ ಬಿದ್ದ ಮೇಲೆ ಬ್ಯಾಕ್ಟೀರಿಯಾ ಅದನ್ನು ಕಲಿತು ಎದುರಿಸುತ್ತದೆಯೋ, ಇಲ್ಲವೇ ಎದುರಿಸಬಲ್ಲದ್ದು ಮೊದಲೇ ಗುಂಪಿನಲ್ಲಿ ಇರುತ್ತದೆಯೋ ಎಂಬ ಸಂಶಯ ವಿಜ್ಞಾನಿಗಳಿಗೂ ಬಹಳ ಕಾಲ ಇತ್ತು. 1952ರಲ್ಲಿ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿ ಇದನ್ನು ಒಂದು ತುಂಡು ಮಖಮಲ್ ಬಟ್ಟೆಯಿಂದ ಬಗೆಹರಿಸಿದರು. ತಟ್ಟೆಯ ಮೇಲೆ ಬೆಳೆದ ಬ್ಯಾಕ್ಟೀರಿಯಾದ ಮೇಲೆ ಆ ಬಟ್ಟೆಯನ್ನು ಒತ್ತಿ, ಮೊಹರು ಹಾಕಿದ ಹಾಗೆ ಅದನ್ನೇ ಸ್ಟ್ರೆಪ್ಟೋಮೈಸಿನ್ ಎಂಬ ಔಷಧಿ ಬೆರೆಸಿದ ಹೊಸ ತಟ್ಟೆಗಳ ಮೇಲೆ ಒತ್ತಿದರೆ, ಪ್ರತಿ ತಟ್ಟೆಯಲ್ಲೂ ಅದೇ ಜಾಗದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಿತ್ತು. ಔಷಧಿಯ ಗಂಧವನ್ನೇ ಕಾಣದ ಮೂಲ ತಟ್ಟೆಯಲ್ಲಿ ಆ ಜಾಗದಿಂದ ತೆಗೆದ ಬ್ಯಾಕ್ಟೀರಿಯಾಕ್ಕೂ ಅದೇ ಶಕ್ತಿ ಇತ್ತು. ಅಂದರೆ ಔಷಧಿ ಮಾಡುವುದು ಆಯ್ಕೆಯನ್ನು ಮಾತ್ರ: ಬಗ್ಗುವವುಗಳನ್ನು ಕೊಂದು, ಬಗ್ಗದ ನಾಲ್ಕಾರಕ್ಕೆ ಜಾಗ ತೆರವು ಮಾಡಿಕೊಡುತ್ತದೆ.

ಆ ನಾಲ್ಕಾರರಲ್ಲಿ ಬೇರೆಯಾಗಿರುವುದಾದರೂ ಏನು? ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಟೈಫಿಯ ಡಿಎನ್‌ಎಯನ್ನು 2001ರಲ್ಲಿ ಪೂರ್ತಿಯಾಗಿ ಓದಿ ಮುಗಿಸಲಾಯಿತು; ಅದು ಸುಮಾರು 48 ಲಕ್ಷ ಅಕ್ಷರಗಳ ಬರಹ. ಅದರಲ್ಲಿ 200ಕ್ಕೂ ಹೆಚ್ಚು ಜೀನ್‌ಗಳು ಮುರಿದು ನಿರುಪಯೋಗಿಯಾಗಿ ಬಿದ್ದಿವೆ, ಬೇರೆ ಪ್ರಾಣಿಗಳನ್ನೆಲ್ಲ ಬಿಟ್ಟು ಮನುಷ್ಯನೊಬ್ಬನಿಗೇ ಅಂಟಿಕೊಂಡ ರೋಗಾಣು ತನಗೆ ಬೇಡವಾದ ಸಾಮಾನನ್ನು ಅಟ್ಟಕ್ಕೆ ಎಸೆದಂತೆ. ಈ 48 ಲಕ್ಷದಲ್ಲಿ ಗೈರ್-ಎ ಎಂಬ ಜೀನ್‌ನ ಒಂದೇ ಒಂದು ಅಕ್ಷರ ಬದಲಾಗಿ, ಅದರಿಂದ ತಯಾರಾಗುವ ಪ್ರೋಟೀನಿನ 83ನೆಯ ಸ್ಥಾನದಲ್ಲಿ ಸೆರೀನ್ ಎಂಬ ಅಮೈನೋ ಆಮ್ಲದ ಬದಲು ಫೀನೈಲ್‌ಅಲನೈನ್ ಎಂಬ ಇನ್ನೊಂದು ಬಂದು ಕೂತರೆ, ಸಿಪ್ರೋಫ್ಲಾಕ್ಸಾಸಿನ್ ಹಿಂದಿನಂತೆ ಹಿಡಿತ ಸಾಧಿಸುವುದಿಲ್ಲ. ಒಂದು ಕಾಲಕ್ಕೆ ಟೈಫಾಯ್ಡ್‌ಗೆ ಮೊದಲ ಮದ್ದಾಗಿದ್ದ ಆ ಮಾತ್ರೆ ನಮ್ಮ ದೇಶದಲ್ಲಿ ಹಿಂದೆ ಸರಿದದ್ದಕ್ಕೆ ಮುಖ್ಯ ಕಾರಣ ಇಂಥ ಸಣ್ಣ ಬದಲಾವಣೆಗಳು. ನಿಮ್ಮ ತಾಯಿಯವರಿಗೆ ಕೊಟ್ಟ ಅಜಿತ್ರೋಮೈಸಿನ್‌ನ ಕಥೆಯೂ ಹೀಗೆಯೇ ಇದೆ: ಬ್ಯಾಕ್ಟೀರಿಯಾ ತನ್ನೊಳಗೆ ಬಂದ ವಿಷವನ್ನು ಹೊರಗೆ ತಳ್ಳಲು ಇಟ್ಟುಕೊಂಡಿರುವ ಪಂಪಿನಲ್ಲಿ, 717ನೆಯ ಸ್ಥಾನದಲ್ಲಿ ಒಂದು ಬದಲಾವಣೆಯಾದರೆ ಸಾಕು, ಒಳಗೆ ಬಂದ ಔಷಧಿ ಹೊರಗೆ ಹೋಗುತ್ತದೆ. ಬಾಂಗ್ಲಾದೇಶದ ರೋಗಿಗಳಲ್ಲಿ ಸಿಕ್ಕ ಟೈಫಿಯಲ್ಲಿ ಇದನ್ನು ಪತ್ತೆ ಮಾಡಿ 2019ರಲ್ಲಿ ಪ್ರಕಟಿಸಿದರು.

ಇವೆಲ್ಲ ಒಂದು ಬ್ಯಾಕ್ಟೀರಿಯಾ ಒಡೆದು ಎರಡಾಗುವಾಗ ತಾಯಿಯಿಂದ ಮಗಳಿಗೆ ಎಂಬಂತೆ ಇಳಿದು ಬರುವ ಗುಣಗಳು. ನನಗೆ ಇದಕ್ಕಿಂತ ಹೆಚ್ಚು ಆತಂಕ ಹುಟ್ಟಿಸುವುದು ನೆರೆಯ ಬ್ಯಾಕ್ಟೀರಿಯಾಗಳಿಂದ ಕೈಗಡವಾಗಿ ಬರುವ ಜೀನ್‌ಗಳು. ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎಯ ಹೊರಗೆ ಪ್ಲಾಸ್ಮಿಡ್ ಎಂಬ ಚಿಕ್ಕ ಉಂಗುರಗಳಿರುತ್ತವೆ. ಒಂದು ಬ್ಯಾಕ್ಟೀರಿಯಾ ಇನ್ನೊಂದನ್ನು ಮುಟ್ಟಿ ಆ ಉಂಗುರದ ಒಂದು ನಕಲನ್ನು ದಾಟಿಸಬಲ್ಲದು, ಅದೂ ಬೇರೆ ಜಾತಿಯದಕ್ಕೆ. ಜಪಾನಿನ ವಿಜ್ಞಾನಿಗಳು 1950ರ ದಶಕದಲ್ಲಿ ರಕ್ತಭೇದಿಯ ಬ್ಯಾಕ್ಟೀರಿಯಾಗಳಲ್ಲಿ ಇದನ್ನು ಕಂಡುಕೊಂಡರು. ನಮಗೆ ಇನ್ನೂ ಹತ್ತಿರದ ಉದಾಹರಣೆಯೆಂದರೆ, ಕುಟ್ಟ ದಾಟಿ ವಯನಾಡಿನ ಘಾಟಿ ಇಳಿದರೆ ಸಿಗುವ ಕೋಯಿಕ್ಕೋಡಿನಲ್ಲಿ 1972ರಲ್ಲಿ ಟೈಫಾಯ್ಡ್ ಹರಡಿದಾಗ, ಆ ಕಾಲದ ರಾಮಬಾಣವಾಗಿದ್ದ ಕ್ಲೋರಾಂಫೆನಿಕಾಲ್ ನಾಟಲಿಲ್ಲ. ಆ ಪ್ರತಿರೋಧವು ಇನ್ನೊಂದು ಬ್ಯಾಕ್ಟೀರಿಯಾಕ್ಕೆ ದಾಟಬಲ್ಲದ್ದೆಂದು ಅಲ್ಲಿನ ವಿಜ್ಞಾನಿಗಳೇ ತೋರಿಸಿಕೊಟ್ಟರು. 2016ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ ಕಾಣಿಸಿಕೊಂಡ ಟೈಫಿಯಂತೂ ಇಂಥ ಒಂದು ಉಂಗುರ ತೊಟ್ಟುಕೊಂಡು ಸೆಫ್ಟ್ರಿಯಾಕ್ಸೋನನ್ನೂ ಮೀರಿ ನಿಂತಿತು. ಅಲ್ಲಿ ವೈದ್ಯರ ಕೈಯಲ್ಲಿ ಉಳಿದ ಮಾತ್ರೆಯೆಂದರೆ ನಿಮ್ಮ ತಾಯಿಯವರಿಗೆ ನಾಟಲಿಲ್ಲವೆಂದು ನೀವು ಹೇಳುವ ಅಜಿತ್ರೋಮೈಸಿನ್ನೇ.

ಈಗ ನಿಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ವಿಡಾಲ್ ಪರೀಕ್ಷೆ ರೋಗಾಣುವನ್ನು ಹುಡುಕುವುದಿಲ್ಲ, ರೋಗಾಣುವಿನ ವಿರುದ್ಧ ದೇಹವು ರಕ್ತದಲ್ಲಿ ತಯಾರಿಸುವ ಪ್ರತಿಕಾಯಗಳನ್ನು ಹುಡುಕುತ್ತದೆ. ಹಿಂದೆಂದೋ ಬಂದು ಹೋದ ಸೋಂಕಿಗೂ, ಬೇರೆ ಜ್ವರಕ್ಕೂ ಅದು ಕೆಲವೊಮ್ಮೆ ಹೌದು ಎನ್ನುತ್ತದೆ. ಅದೊಂದನ್ನೇ ನೆಚ್ಚಿಕೊಂಡು ಟೈಫಾಯ್ಡ್ ಎಂದು ತೀರ್ಮಾನಿಸುವುದು ನನಗೆ ಸರಿ ಕಾಣುವುದಿಲ್ಲ. ನಿಜವಾದ ಟೈಫಾಯ್ಡ್ ಆಗಿದ್ದರೂ, ನಾಟುವ ಔಷಧಿಯನ್ನೇ ಕೊಟ್ಟಾಗಲೂ ಜ್ವರ ಇಳಿಯಲು ನಾಲ್ಕಾರು ದಿನ ಹಿಡಿಯುವುದುಂಟು. ಐದನೆಯ ದಿನ ಔಷಧಿ ಬದಲಾಯಿಸಿ, ಆರನೆಯ ದಿನ ಜ್ವರ ಬಿಟ್ಟರೆ, ಗೆದ್ದದ್ದು ಯಾವುದೆಂದು ಹೇಳುವುದು ಕಷ್ಟ. ಮಳೆಗಾಲದ ಜ್ವರವೆಂದರೆ ಡೆಂಗಿ, ಇಲಿಜ್ವರಗಳೂ ಇವೆ. ಡೆಂಗಿ ವೈರಸ್ಸಿನಿಂದ ಬರುವುದರಿಂದ ಯಾವ ಆ್ಯಂಟಿಬಯಾಟಿಕ್ಕೂ ಅದಕ್ಕೆ ನಾಟದು, ಅದನ್ನು ಪ್ರತಿರೋಧ ಎನ್ನಲೂ ಬಾರದು.

ಇದಕ್ಕೆ ಬೇಕಾದದ್ದು ಬ್ಲಡ್ ಕಲ್ಚರ್, ಅಂದರೆ ರಕ್ತವನ್ನು ಬಾಟಲಿಯಲ್ಲಿಟ್ಟು ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ, ಅದೂ ಮೊದಲ ಆ್ಯಂಟಿಬಯಾಟಿಕ್ ಮಾತ್ರೆ ನುಂಗುವ ಮುಂಚೆ. ಇದನ್ನು ಬಲ್ಲ ನಮ್ಮ ಮನೆಯಲ್ಲೇ ಅದು ತಪ್ಪಿತು. ಒಂದು ವರ್ಷ ಕೊಡಗಿನ ಕಕ್ಕಡ ತಿಂಗಳಲ್ಲಿ, ಮಳೆ ಹೊಯ್ಯುತ್ತಿದ್ದ ವಾರ, ಚಿಕ್ಕಪ್ಪನವರು ಪೇಟೆಗೆ ಹೋದವರು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಯಾವುದೋ ಮಾತ್ರೆ ಕೊಂಡು ಮೂರು ಹೊತ್ತು ನುಂಗಿ, ಆಮೇಲೆ ನನಗೆ ಫೋನ್ ಮಾಡಿದರು. ರಕ್ತ ತೆಗೆಸಿ ಕಲ್ಚರಿಗೆ ಹಾಕಿಸಿದೆ; ಐದು ದಿನ ಕಾದರೂ ಬಾಟಲಿಯಲ್ಲಿ ಏನೂ ಬೆಳೆಯಲಿಲ್ಲ. ಇದ್ದ ರೋಗಾಣು ರಕ್ತದಲ್ಲಿ ಸಿಗದಷ್ಟು ತಗ್ಗಿತ್ತೋ, ಮೊದಲೇ ಇರಲಿಲ್ಲವೋ, ಇಂದಿಗೂ ಗೊತ್ತಿಲ್ಲ. ಚಿಕ್ಕಪ್ಪ ಮಾತ್ರ ಅದನ್ನು ‘ಲ್ಯಾಬಿನವರಿಗೆ ಸಿಗದ ಜ್ವರ’ ಎಂದು ಹೇಳಿಕೊಂಡು ತಿರುಗುತ್ತಾರೆ.

ಬ್ಯಾಕ್ಟೀರಿಯಾ ಬೆಳೆದಿದ್ದರೆ ಮುಂದಿನದು ಕಣ್ಣಿಗೆ ಕಾಣುವಂಥ ಕೆಲಸ. ಅಂಗೈ ಅಗಲದ ತಟ್ಟೆಯಲ್ಲಿ ಹೆಪ್ಪುಗಟ್ಟಿದ ಅಗರ್ ಎಂಬ ಲೋಳೆಯಂಥ ಪದಾರ್ಥದ ಮೇಲೆ ಬ್ಯಾಕ್ಟೀರಿಯಾವನ್ನು ಹತ್ತಿಯ ಕಡ್ಡಿಯಿಂದ ಮೂರು ದಿಕ್ಕಿಗೆ ಸವರಿ, ಒಂದೊಂದು ಔಷಧಿ ಹೀರಿಸಿದ ಆರು ಮಿಲಿಮೀಟರಿನ ಕಾಗದದ ಬಿಲ್ಲೆಗಳನ್ನು ಅಲ್ಲಲ್ಲಿ ಇಟ್ಟು ಒಂದು ರಾತ್ರಿ ಬೆಚ್ಚಗೆ ಇಡುತ್ತೇವೆ. ಬೆಳಿಗ್ಗೆ ತೆಗೆದರೆ ತಟ್ಟೆ ತುಂಬ ಮಂಜು ಕವಿದಂಥ ಬೆಳವಣಿಗೆ. ನಾಟುವ ಔಷಧಿಯ ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ವೃತ್ತ, ನಾಟದಿದ್ದರೆ ಬಿಲ್ಲೆಯ ಅಂಚಿನವರೆಗೂ ಮಂಜು. ವೃತ್ತದ ಅಗಲವನ್ನು ಸ್ಕೇಲಿನಿಂದ ಅಳೆದು ನಿಗದಿತ ಕೋಷ್ಟಕದೊಂದಿಗೆ ಹೋಲಿಸಿದರೆ ವೈದ್ಯರಿಗೆ ಬೇಕಾದ ಉತ್ತರ ಸಿಗುತ್ತದೆ. ಡಿಎನ್‌ಎ ಓದುವ ಯಂತ್ರಗಳೆಲ್ಲ ಇದ್ದರೂ, ರೋಗಿಯ ಹಾಸಿಗೆಯ ಪಕ್ಕ ನಿಂತವರಿಗೆ ಈ ಹಳೆಯ ತಟ್ಟೆಯಷ್ಟು ಉಪಕಾರಿಯಾದದ್ದು ಇಲ್ಲವೆಂದೇ ನನ್ನ ಅಭಿಪ್ರಾಯ.

ಹಂದಿ, ಕೋಳಿ ಸಾಕುವವರಾಗಿದ್ದರೆ ಇನ್ನೊಂದು ಮಾತು. ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಉಳಿಸಿಕೊಂಡ ಕೊಲಿಸ್ಟಿನ್ ಎಂಬ ಔಷಧಿಗೆ ಪ್ರತಿರೋಧ ಕೊಡುವ, ಪ್ಲಾಸ್ಮಿಡ್ ಮೇಲೆ ಕೂತು ದಾಟುವ ಜೀನ್ ಇದೆಯೆಂದು 2015ರಲ್ಲಿ ಚೀನಾದ ಹಂದಿಗಳ ಅಧ್ಯಯನದಿಂದ ಗೊತ್ತಾಯಿತು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ಕೊಡುವುದನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿತು. ಪಂದಿ ಕರಿ ಇಲ್ಲದೆ ಹಬ್ಬ ನಡೆಯದ ಊರಿನಲ್ಲಿ, ಮೇವಿನ ಚೀಲದಲ್ಲಿ ಏನಿದೆ ಎಂದು ಓದಿ ನೋಡುವುದು ಅತಿಯಾಗದು.

ಇನ್ನು, ಆ ಮಾತ್ರೆ ನಿಮ್ಮ ತಾಯಿಯವರಿಗೆ ಎಂದೂ ನಾಟುವುದಿಲ್ಲವೇ ಎಂಬ ಪ್ರಶ್ನೆ. ಕೋಯಿಕ್ಕೋಡಿನಲ್ಲಿ ಸೋತ ಕ್ಲೋರಾಂಫೆನಿಕಾಲ್‌ನ ಬಳಕೆ ವರ್ಷಗಟ್ಟಲೆ ತಗ್ಗಿದ ಮೇಲೆ, ಇಂದು ಭಾರತದಲ್ಲಿ ಸಿಗುವ ಟೈಫಿಗಳಲ್ಲಿ ಬಹುಪಾಲು ಮತ್ತೆ ಅದಕ್ಕೆ ಬಗ್ಗುತ್ತವೆ. ಮುಂದೆ ಅವರಿಗೆ ಜ್ವರ ಬಂದರೆ, ಅಜಿತ್ರೋಮೈಸಿನ್ ನಾಟುವುದೂ ಬಿಡುವುದೂ ಆ ದಿನ ಅವರ ರಕ್ತದಲ್ಲಿರುವ ರೋಗಾಣುವನ್ನು ಅವಲಂಬಿಸಿದೆ, ಅವರು ಹಿಂದೆ ನುಂಗಿದ ಮಾತ್ರೆಗಳ ಲೆಕ್ಕವನ್ನಲ್ಲ. ಆದ್ದರಿಂದ ‘ಈ ಮಾತ್ರೆ ನನಗೆ ಆಗುವುದಿಲ್ಲ’ ಎಂದು ಅವರಿಂದ ವೈದ್ಯರಿಗೆ ಹೇಳಿಸಬೇಡಿ, ಈ ಸಲದ ಡಿಸ್ಚಾರ್ಜ್ ಚೀಟಿಯನ್ನು ತೋರಿಸಿ, ಕಲ್ಚರಿಗೆ ರಕ್ತ ತೆಗೆಯುತ್ತೀರಾ ಎಂದು ಮೊದಲ ದಿನವೇ ಕೇಳಿ.