ತೈಲ ಉದ್ಯಮದಲ್ಲಿ ಸ್ಥಳೀಯರ ಪಾಲಿನ (ಲೋಕಲ್ ಕಂಟೆಂಟ್) ನೀತಿಗಳ ಬಗ್ಗೆ ಪಿಎಚ್‌ಡಿ ಮಾಡಬೇಕೆಂದಿದ್ದೇನೆ. ನಾರ್ವೆ, ಬ್ರೆಜಿಲ್, ನೈಜೀರಿಯಾ ಮೂರನ್ನೂ ಹೋಲಿಸಲೇ, ಒಂದನ್ನೇ ಆರಿಸಿಕೊಳ್ಳಲೇ?

ಮೂರು ದೇಶ, ಮೂರು ಅಧ್ಯಾಯ, ಕೊನೆಗೊಂದು ಹೋಲಿಕೆ. ನನ್ನ ಸಿನಾಪ್ಸಿಸ್ ಕೂಡ ಹೀಗೇ ಇತ್ತು. ಅದಕ್ಕೇ ನಿಮ್ಮ ಪ್ರಶ್ನೆ ನೋಡಿ ಸುಮ್ಮನೆ ಮುಂದೆ ಹೋಗಲಾಗಲಿಲ್ಲ.

ಗೈಡ್ ಹೇಳಿದ ಮೇಲೆ ನೈಜೀರಿಯಾ ಒಂದನ್ನೇ ಉಳಿಸಿಕೊಂಡೆ. ಅಲ್ಲಿ 2010ರ ಏಪ್ರಿಲ್‌ನಲ್ಲಿ ಬಂದ ಕಾಯ್ದೆ ಬಹಳ ಬಿಗಿಯಾದದ್ದು. ಯಾವ ಕೆಲಸದಲ್ಲಿ ಸ್ಥಳೀಯರ ಪಾಲು ಕನಿಷ್ಠ ಶೇಕಡಾ ಎಷ್ಟಿರಬೇಕು ಎಂದು ಅನುಬಂಧದಲ್ಲಿ ಉದ್ದದ ಪಟ್ಟಿಯೇ ಇದೆ. ಗುತ್ತಿಗೆಯ ಮೊತ್ತದಲ್ಲಿ ಶೇ 1ರಷ್ಟು ಒಂದು ನಿಧಿಗೆ ಹೋಗುತ್ತದೆ. ಶೇ 51ರಷ್ಟು ಷೇರು ನೈಜೀರಿಯನ್ನರ ಕೈಯಲ್ಲಿದ್ದರೆ ಅದು ನೈಜೀರಿಯಾದ ಕಂಪನಿ. ಇಷ್ಟು ಸ್ಪಷ್ಟವಾಗಿದ್ದ ಮೇಲೆ ಲೆಕ್ಕ ಹಾಕುವುದೇನು ಕಷ್ಟ ಅಂದುಕೊಂಡೆ.

ನಾನು ಕೈ ಸುಟ್ಟುಕೊಂಡದ್ದು ಇಲ್ಲೇ. ಆ ಅನುಬಂಧದಲ್ಲಿ ಶೇಕಡಾವಾರಿನ ಪಕ್ಕದಲ್ಲಿ ಅಳತೆಯ ಕಾಲಂ ಒಂದಿದೆ. ಎಂಜಿನಿಯರಿಂಗ್ ಕೆಲಸಕ್ಕೆ ಮ್ಯಾನ್-ಅವರ್ ಅಂದರೆ ಜನ ದುಡಿದ ಗಂಟೆ, ಉಕ್ಕಿನ ರಚನೆ ಕಟ್ಟುವ ಫ್ಯಾಬ್ರಿಕೇಷನ್‌ಗೆ ಟನ್, ಇನ್ನು ಹಲವಕ್ಕೆ ಖರ್ಚಾದ ಹಣ. ಟನ್ನು, ಗಂಟೆ, ಹಣ ಮೂರನ್ನೂ ಒಂದೇ ಸಮೀಕರಣಕ್ಕೆ ಹಾಕಲು ಬರುವುದಿಲ್ಲವಲ್ಲ, ಹಾಗಾಗಿ ಎಲ್ಲವನ್ನೂ ಹಣಕ್ಕೆ ತಂದೆ. ಸ್ಥಳೀಯ ಕಂಪನಿಗೆ ಪಾವತಿಯಾದ ಮೊತ್ತವನ್ನು ಒಟ್ಟು ಗುತ್ತಿಗೆಯ ಮೊತ್ತದಿಂದ ಭಾಗಿಸಿದರೆ ಸ್ಥಳೀಯ ಪಾಲು ಸಿಕ್ಕಿತು ಎಂದು ನಂಬಿದೆ. ಎರಡು ವರ್ಷ ಗುತ್ತಿಗೆಗಳನ್ನು ಒಂದೊಂದಾಗಿ ಎಕ್ಸೆಲ್‌ಗೆ ಏರಿಸಿದೆ.

ಖರೀದಿ ವಿಭಾಗದಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರನ್ನು ಸಂದರ್ಶನಕ್ಕೆಂದು ಭೇಟಿಯಾದಾಗ ಅವರು ಮೇಜಿನ ಮೇಲೆ ಎರಡು ಹಾಳೆ ಇಟ್ಟರು. ಒಂದು, ಪೈಪುಗಳನ್ನು ಜೋಡಿಸುವ ಉಕ್ಕಿನ ಬಳೆಗಳಾದ ಫ್ಲ್ಯಾಂಜುಗಳಿಗೆ ಸ್ಥಳೀಯ ಕಂಪನಿಯೊಂದು ಬರೆದ ಇನ್‌ವಾಯ್ಸ್. ಇನ್ನೊಂದು, ಅವೇ ಫ್ಲ್ಯಾಂಜುಗಳ ಉಕ್ಕಿಗೆ ಕಾರ್ಖಾನೆ ಕೊಟ್ಟ ಪ್ರಮಾಣಪತ್ರ, ಅಂದರೆ ಮಿಲ್ ಸರ್ಟಿಫಿಕೇಟ್. ಉಕ್ಕು ಕರಗಿಸಿದ ಪ್ರತಿ ಬ್ಯಾಚಿಗೂ ಕಾರ್ಖಾನೆ ಒಂದು ಹೀಟ್ ನಂಬರ್ ಕೊಡುತ್ತದೆ, ಅದನ್ನು ಫ್ಲ್ಯಾಂಜಿನ ಅಂಚಿಗೂ ಒತ್ತಿರುತ್ತಾರೆ. ಎರಡೂ ಹಾಳೆಗಳಲ್ಲಿ ನಂಬರ್ ಒಂದೇ, ಆದರೆ ಕಾರ್ಖಾನೆ ಇದ್ದದ್ದು ಬೇರೆ ಖಂಡದಲ್ಲಿ. ಸ್ಥಳೀಯ ಕಂಪನಿ ಪೆಟ್ಟಿಗೆಯನ್ನು ಬಿಚ್ಚಿಯೂ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಇಲ್ಲೇ ಎಡವಬಹುದು. 80ಕ್ಕೆ ಆಮದು ಮಾಡಿಕೊಂಡ ಸರಕನ್ನು 100ಕ್ಕೆ ಮಾರಿದರೆ ನಾಡಿನಲ್ಲಿ ಉಳಿದದ್ದು 20. ನನ್ನ ಎಕ್ಸೆಲ್‌ನಲ್ಲಿ ಅದು ಪೂರಾ 100. ಅದಕ್ಕಿಂತ ಕೆಟ್ಟದ್ದು ಮುಂದಿದೆ. ಅದೇ ಕಂಪನಿ ಬೆಲೆಯನ್ನು 120ಕ್ಕೆ ಏರಿಸಿದರೆ ನನ್ನ ಲೆಕ್ಕದಲ್ಲಿ ಸ್ಥಳೀಯ ಪಾಲು ಇನ್ನೂ ಹೆಚ್ಚಾಗುತ್ತದೆ! ಒಬ್ಬನೇ ಒಬ್ಬ ವೆಲ್ಡರ್‌ಗೆ ಒಂದು ಗಂಟೆಯ ಕೆಲಸವೂ ಹೊಸದಾಗಿ ಸಿಕ್ಕಿರುವುದಿಲ್ಲ, ನನ್ನ ಗ್ರಾಫ್ ಮಾತ್ರ ಮೇಲಕ್ಕೆ ಹೋಗುತ್ತದೆ. ಎರಡು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಅಳತೆ ಬದಲಾದರೆ ಕಥೆಯೇ ಬದಲಾಗುತ್ತದೆ ಎನ್ನುವುದಕ್ಕೆ ಎಗಿನಾ ನೋಡಿ. ನೈಜೀರಿಯಾದ ಆಳ ಸಮುದ್ರದಲ್ಲಿ 2018ರ ಕೊನೆಗೆ ಉತ್ಪಾದನೆ ಶುರು ಮಾಡಿದ ತೈಲ ಯೋಜನೆ ಅದು. ಅದರ ತೇಲುವ ಉತ್ಪಾದನಾ ಘಟಕವನ್ನು ಕಟ್ಟಿದ್ದು ದಕ್ಷಿಣ ಕೊರಿಯಾದಲ್ಲಿ. ಮೇಲಿನ 18 ಮಾಡ್ಯೂಲುಗಳಲ್ಲಿ ನೈಜೀರಿಯಾದಲ್ಲಿ ತಯಾರಾಗಿ ಜೋಡಣೆಯಾದವು 6. ಅಂದರೆ ಮೂರರಲ್ಲೊಂದು. ಆದರೆ ಇಡೀ ಯೋಜನೆಯ ಕೆಲಸದ ಗಂಟೆಗಳಲ್ಲಿ ಶೇ 77 ಸ್ಥಳೀಯವಾಗಿ ನಡೆದವು ಎಂದು ಯೋಜನೆ ನಡೆಸಿದ ಕಂಪನಿ ಪ್ರಕಟಿಸಿತು. ಎರಡರಲ್ಲೂ ಸುಳ್ಳಿಲ್ಲ. ಯಾವುದನ್ನು ಎಣಿಸಿದ್ದಾರೆ ಎಂದು ಕೇಳದೆ ಥೀಸಿಸ್‌ಗೆ ತೆಗೆದುಕೊಂಡರೆ ಆಗ ತಪ್ಪು ನಿಮ್ಮದಾಗುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾವ ದೇಶ ಎಂದು ಕೇಳುವುದನ್ನೇ ಬಿಟ್ಟುಬಿಡಿ. ನಾರ್ವೆಯನ್ನು ಎಲ್ಲರೂ ಮಾದರಿಯಾಗಿ ಇಡುತ್ತಾರೆ. 1969ರಲ್ಲಿ ಎಕೋಫಿಸ್ಕ್ ತೈಲಕ್ಷೇತ್ರ ಸಿಗುವ ಮೊದಲೇ ಅವರಿಗೆ ಹಡಗುಕಟ್ಟೆಗಳಿದ್ದವು, ಸಾಗರಯಾನದ ದೊಡ್ಡ ಉದ್ಯಮವಿತ್ತು. ಬೆಲೆ, ಗುಣಮಟ್ಟ ಹೊಂದಿದರೆ ನಾರ್ವೆಯ ಸರಕಿಗೇ ಆದ್ಯತೆ ಎಂಬ 1972ರ ನಿಯಮ 1994ರಲ್ಲಿ ಯುರೋಪಿನ ಆರ್ಥಿಕ ಒಪ್ಪಂದದೊಂದಿಗೆ ಹೋಯಿತು. ಬ್ರೆಜಿಲ್‌ನಲ್ಲಿ 1999ರಿಂದ ತೈಲ ಬ್ಲಾಕುಗಳ ಹರಾಜಿನಲ್ಲೇ ಸ್ಥಳೀಯ ಪಾಲಿನ ಷರತ್ತು ಇತ್ತು, 2017ರಲ್ಲಿ ಅದನ್ನೂ ಸಡಿಲಿಸಿದರು. ಇಷ್ಟು ಬೇರೆ ಬೇರೆ ನೆಲದ ಶೇಕಡಾವಾರುಗಳನ್ನು ಅಕ್ಕಪಕ್ಕ ಇಟ್ಟರೆ ಚಂದದ ಕೋಷ್ಟಕ ಆಗಬಹುದು, ಸಂಶೋಧನೆ ಆಗುವುದಿಲ್ಲ.

ದೇಶದ ಬದಲು ಒಂದು ಕೆಲಸವನ್ನು ಹಿಡಿಯಿರಿ. ವೆಲ್ಡಿಂಗ್ ಆಗಬಹುದು, ದೋಣಿ ಸಿಬ್ಬಂದಿ ಆಗಬಹುದು. ಆ ಕೆಲಸ ಯಾರ ಕೈಯಲ್ಲಿತ್ತು, ನಿಯಮ ಬಂದ ಮೇಲೆ ಯಾರ ಕೈಗೆ ಬಂತು, ಕಲಿತವನು ಮುಂದಿನ ಯೋಜನೆಯಲ್ಲೂ ಇದ್ದನೇ ಎಂದು ಬೆನ್ನು ಹತ್ತಿ. ನಾನು ಕೊನೆಗೆ ಮಾಡಿದ್ದು ಅದನ್ನೇ: ಗಂಟೆಗಳ ದಾಖಲೆ ಇದ್ದ ಗುತ್ತಿಗೆಗಳನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನೆಲ್ಲ ಕೈಬಿಟ್ಟೆ. ಡೇಟಾ ಹತ್ತನೇ ಒಂದಕ್ಕೆ ಇಳಿಯಿತು, ಒಂದೂವರೆ ವರ್ಷ ಹೆಚ್ಚು ಹಿಡಿಯಿತು. ವೈವಾದಲ್ಲಿ ಮಾತ್ರ ಒಂದು ಅಂಕಿಯ ಬಗ್ಗೆಯೂ ನನಗೆ ತಡವರಿಸಬೇಕಾಗಲಿಲ್ಲ.

ವಿಷಯ ನೋಂದಾಯಿಸುವ ಮೊದಲು ಟೈಮ್‌ಶೀಟ್ ತೋರಿಸಲು ಒಪ್ಪುವ ಒಂದು ಫ್ಯಾಬ್ರಿಕೇಷನ್ ಯಾರ್ಡನ್ನೋ ಗುತ್ತಿಗೆದಾರರನ್ನೋ ಹುಡುಕಿಕೊಳ್ಳಿ. ಅವರು ಸಿಕ್ಕ ದೇಶವೇ ನಿಮ್ಮ ದೇಶ.