ಮೆಗಾ ಮ್ಯಾನ್ ಝೀರೋ ಹೊಸಬರಿಗೆ ಆಗುತ್ತದಾ? ಯಾವ ಭಾಗದಿಂದ ಶುರು ಮಾಡಬೇಕು?

ನೀವು ಕೇಳಿದ್ದು ಇಷ್ಟು: ಗೆಳೆಯರೊಬ್ಬರಿಂದ, ಕೈಯಲ್ಲಿ ಹಿಡಿದು ವಿಡಿಯೋ ಗೇಮ್ ಆಡುವ ಹಳೆಯ ಯಂತ್ರ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ ಸಿಕ್ಕಿದೆ, ಜೊತೆಗೆ ಮೆಗಾ ಮ್ಯಾನ್ ಝೀರೋ ಆಟದ ಕ್ಯಾಸೆಟ್ ಬಂದಿದೆ. ಶುರುವಿನ ಹಂತ ಮುಗಿಸಿದ್ದೀರಿ, ಅದಾದ ಮೇಲೆ ಬರುವ ಅಜ್ಟೆಕ್ ಫಾಲ್ಕನ್ ಎಂಬ ಬಾಸ್, ಅಂದರೆ ಹಂತದ ಕೊನೆಯ ದೊಡ್ಡ ಶತ್ರುವಿನ ಹತ್ತಿರ ಸತ್ತು ಸತ್ತು ಸಾಕಾಗಿದೆ. ಇದನ್ನು ಬಿಟ್ಟು ಎರಡನೆಯದೋ ಮೂರನೆಯದೋ ಭಾಗದಿಂದ ಶುರು ಮಾಡಲಾ ಅಂತ.

ಬಿಡಬೇಡಿ. ಮೊದಲ ಭಾಗವನ್ನೇ ಮುಂದುವರಿಸಿ. ನೀವು ನಿಂತಿರುವ ಜಾಗದಲ್ಲೇ ಬಹಳ ಜನ ನಿಲ್ಲುತ್ತಾರೆ. ಅದಕ್ಕೆ ನಿಮ್ಮ ಬೆರಳು ನಿಧಾನ ಅನ್ನೋದು ಕಾರಣವಲ್ಲ. ಈ ಆಟ ನೋಡುವುದಕ್ಕೆ ಓಡುವ ಆಟದ ಹಾಗಿದೆ, ಹೀರೋ ಝೀರೋ ಕೂಡ ಮಿಂಚಿನ ಹಾಗೆ ಓಡುತ್ತಾನೆ. ಆದರೆ ಮೊದಲ ಸಲ ಆಡುವವರು ನಿಂತು, ನೋಡಿ, ಆಮೇಲೆ ಹೆಜ್ಜೆ ಇಡಬೇಕು. ಇದು ಕೈಗೆ ಬಂದರೆ ಅರ್ಧ ಕಷ್ಟ ಅಲ್ಲೇ ಇಳಿಯುತ್ತದೆ.

ಯಾಕೆ ಹಾಗೆ ಅಂದರೆ, ಸ್ಕ್ರೀನ್. ಝೀರೋ ಮೊದಲು ಬಂದಿದ್ದು 1993ರ ಮೆಗಾ ಮ್ಯಾನ್ ಎಕ್ಸ್ ಆಟದಲ್ಲಿ. ಅದು ಟಿವಿಗೆ ಹಚ್ಚಿ ಆಡುವ ಸೂಪರ್ ನಿಂಟೆಂಡೊಗೆ ಮಾಡಿದ ಆಟ. ಅಲ್ಲಿ ಚಿತ್ರದ ಅಗಲ 256 ಪಿಕ್ಸೆಲ್, ಎತ್ತರ 224. ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ ಅಗಲ 240, ಎತ್ತರ ಬರೀ 160. ಅಡ್ಡಕ್ಕೆ ಹೆಚ್ಚೇನೂ ಕಳೆದುಕೊಂಡಿಲ್ಲ, ಆದರೆ ಮೇಲೆ ಕೆಳಗೆ ಸೇರಿ 64 ಸಾಲು ಹೋಯಿತು. ಮೆಗಾ ಮ್ಯಾನ್ ಝೀರೋ ಆಟವನ್ನು ಅದರ ಒಡೆಯ ಕಂಪನಿ ಕ್ಯಾಪ್ಕಾಮ್‌ಗಾಗಿ ಮಾಡಿಕೊಟ್ಟಿದ್ದು ಇಂಟಿ ಕ್ರಿಯೇಟ್ಸ್ ಎಂಬ ಸಣ್ಣ ಕಂಪನಿ. ಕ್ಯಾಪ್ಕಾಮ್ ಬಿಟ್ಟು ಬಂದವರು 1996ರಲ್ಲಿ ಕಟ್ಟಿದ್ದು. ಅವರು ಸ್ಕ್ರೀನ್ ಸಣ್ಣದು ಅಂತ ಝೀರೋನನ್ನು ಸಣ್ಣದು ಮಾಡಲಿಲ್ಲ. ಉದ್ದ ಹಳದಿ ಕೂದಲು, ಕೆಂಪು ಕವಚ, ಡ್ಯಾಶ್ ಮಾಡಿದಾಗ, ಅಂದರೆ ಸರ್ರನೆ ಮುಂದೆ ನುಗ್ಗಿದಾಗ, ಹಿಂದೆ ಹಾರುವ ಜುಟ್ಟು, ಎಲ್ಲ ಚೆನ್ನಾಗಿ ಕಾಣಬೇಕು ಅಂತ ದೊಡ್ಡದಾಗೇ ಬಿಡಿಸಿದರು. ನೋಡೋಕೆ ಚಂದ. ಆದರೆ ಕೆಳಗೆ ಏನಿದೆ, ಮುಂದೆ ಯಾರಿದ್ದಾರೆ ಅನ್ನೋದು ಕಾಣುವಷ್ಟರಲ್ಲಿ ನೀವು ಅದರ ಮೇಲೇ ಬಿದ್ದಿರುತ್ತೀರಿ. ಕೆಳಗೆ ಮುಳ್ಳಿದ್ದರೆ ಲೈಫ್ ಎಷ್ಟಿದ್ದರೂ ಒಂದೇ ಏಟಿಗೆ ಹೋಯಿತು.

ನಮ್ಮ ಅಕ್ಕನ ಮಗ ಈಗ ಇದನ್ನು ಆಡುತ್ತಿದ್ದಾನೆ. ಫೋನಿನಲ್ಲಿ ಆಡಿ ಬೆಳೆದವನು, ಬಲಗಡೆ ಬಟನ್ ಒತ್ತಿ ಹಿಡಿದ ಅಂದರೆ ಬಿಡುವುದೇ ಇಲ್ಲ. "ಮಾಮಾ, ಇದು ಆಗೂದಿಲ್ಲ" ಅಂದ. "ಓಡಬ್ಯಾಡ. ಗ್ವಾಡಿ ಹಿಡಕೊಂಡು ಇಳಿ" ಅಂದೆ. ನಿಮಗೂ ಅದನ್ನೇ ಹೇಳುತ್ತೇನೆ. ಗೋಡೆ ಪಕ್ಕ ಬೀಳುವಾಗ ಗೋಡೆ ಕಡೆಗೆ ಬಟನ್ ಒತ್ತಿ ಹಿಡಿದರೆ ಝೀರೋ ಗೋಡೆಗೆ ಅಂಟಿಕೊಂಡು ಮೆಲ್ಲಗೆ ಜಾರುತ್ತಾನೆ. ಆಗ ಸ್ಕ್ರೀನ್ ನಿಧಾನವಾಗಿ ಕೆಳಗೆ ಸರಿಯುತ್ತದೆ. ಮುಳ್ಳು ಕಂಡರೆ ಜಂಪ್ ಒತ್ತಿ ಮತ್ತೆ ಮೇಲೇರಬಹುದು. ಗೊತ್ತಿಲ್ಲದ ಗುಂಡಿಗೆ ಸುಮ್ನೆ ಹಾರಬೇಡಿ, ಗೋಡೆ ಸಿಕ್ಕರೆ ಗೋಡೆ ಹಿಡಿದೇ ಇಳಿಯಿರಿ.

ಇನ್ನು ಬೆರಳಿನ ವಿಷಯ. ಎ ಬಟನ್ ಜಂಪ್, ಬಿ ಹೊಡೆತ, ಎಡ ಹೆಗಲಿನ ಎಲ್ ಬಟನ್ ಡ್ಯಾಶ್. ಡ್ಯಾಶ್ ಎಡಗೈ ತೋರುಬೆರಳಿಗೆ ಬಂದಿದ್ದು ಬಹಳ ಒಳ್ಳೆಯ ಲೆಕ್ಕ, ಯಾಕಂದರೆ ಬಲ ಹೆಬ್ಬೆರಳು ಹೊಡೆತಕ್ಕೂ ಜಂಪ್‌ಗೂ ಬಿಡುವಾಗಿರುತ್ತದೆ. ಎಲ್ ಮತ್ತು ಎ ಒಟ್ಟಿಗೆ ಒತ್ತಿದರೆ ಉದ್ದ ಹಾರುತ್ತಾನೆ. ಶುರುವಿನ ಸುಲಭದ ಜಾಗದಲ್ಲಿ ಇದೊಂದನ್ನೇ ಆಡುತ್ತಾ ಹೋಗಿ, ಕಣ್ಣು ಮುಚ್ಚಿದರೂ ಬೆರಳು ಮಾಡಬೇಕು.

ಈಗ ನಿಮ್ಮ ಫಾಲ್ಕನ್. ಮಿಂಚು ಬಿಡುವ ಹಕ್ಕಿ. ಅವನ ಕೋಣೆಗೆ ಹೋದ ಮೇಲೆ ಮೊದಲ ಲೈಫ್‌ನಲ್ಲಿ ಹೊಡೆಯಲೇಬೇಡಿ. ಬರೀ ತಪ್ಪಿಸಿಕೊಳ್ಳಿ. ಅವನು ಯಾವಾಗ ಮೇಲೆ ಹೋಗುತ್ತಾನೆ, ಮಿಂಚು ಬಿಡುವ ಮುಂಚೆ ಮೈ ಹೇಗೆ ಹಿಡಿಯುತ್ತಾನೆ, ಬಿಟ್ಟ ಮೇಲೆ ಎಷ್ಟು ಹೊತ್ತು ಸುಮ್ಮನಿರುತ್ತಾನೆ, ಇಷ್ಟನ್ನು ನೋಡಿ. ಈ ಆಟದ ಬಾಸ್‌ಗಳು ಹೊಡೆಯುವ ಮುಂಚೆ ಒಂದು ಸೂಚನೆ ಕೊಟ್ಟೇ ಕೊಡುತ್ತಾರೆ. ಮುಂದಿನ ಲೈಫ್‌ನಲ್ಲಿ ಅವನ ಹೊಡೆತ ಮುಗಿದ ಕೂಡಲೇ ಹತ್ತಿರ ಹೋಗಿ ಕತ್ತಿ ಬೀಸಿ, ಅದೇ ಉಸಿರಲ್ಲಿ ದೂರ ಬನ್ನಿ. ಇನ್ನೊಂದು ಏಟು ಹಾಕಿಬಿಡೋಣ ಅನ್ನುವ ಆಸೆಗೇ ಹೆಚ್ಚು ಲೈಫ್ ಹೋಗುವುದು.

ಕತ್ತಿ ಅಂದೆನಲ್ಲ, ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹೊಸಬರು ಹೆದರಿ ದೂರದಿಂದ ಬಸ್ಟರ್ ಎಂಬ ಬಂದೂಕಿನ ಗುಂಡೇ ಹೊಡೆಯುತ್ತಿರುತ್ತಾರೆ. ಈ ಭಾಗದಲ್ಲಿ ಆಯುಧ ಬಳಸಿದಷ್ಟೂ ಪಳಗುತ್ತದೆ. ಝಡ್ ಸೇಬರ್ ಎಂಬ ಕತ್ತಿ ಶುರುವಿನಲ್ಲಿ ಒಂದೇ ಬೀಸು ಬೀಸುತ್ತದೆ. ಅದರಲ್ಲೇ ಶತ್ರುಗಳನ್ನು ಕಡಿಯುತ್ತಾ ಹೋದರೆ ಎರಡು, ಆಮೇಲೆ ಸಾಲಾಗಿ ಮೂರು ಬೀಸು ಕಲಿಯುತ್ತದೆ. ಮೂರನೆಯ ಬೀಸು ಬಂದ ದಿನ ಆಟವೇ ಬೇರೆ ಅನ್ನಿಸುತ್ತದೆ. ಹಾಗಾಗಿ ಸುಲಭದ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು ಕತ್ತಿಯಲ್ಲೇ ಹೊಡೆಯಿರಿ. ಸತ್ತ ಶತ್ರು ಸ್ಕ್ರೀನಿನಿಂದ ಆಚೆ ಹೋಗಿ ಬಂದರೆ ಮತ್ತೆ ಎದ್ದು ನಿಂತಿರುತ್ತಾನೆ, ನಿಮಗೆ ಅದೇ ಬೇಕಾಗಿದ್ದು.

ಆ ಕತ್ತಿ ಮೊದಲು ಕೈಗೆ ಬರುವ ಗಳಿಗೆಯನ್ನು ನೀವು ಈಗಾಗಲೇ ಆಡಿದ್ದೀರಿ, ಬಹುಶಃ ಅವಸರದಲ್ಲಿ ದಾಟಿಬಿಟ್ಟಿರಿ. ನೆನಪು ಮಾಡಿಕೊಳ್ಳಿ. ಸಿಯೆಲ್ ಎಂಬ ಹುಡುಗಿ, ವಿಜ್ಞಾನಿ, ತನ್ನ ಜೊತೆಯ ಕೆಲವರೊಂದಿಗೆ ಪಾಳುಬಿದ್ದ ಲ್ಯಾಬಿಗೆ ಓಡಿ ಬರುತ್ತಾಳೆ. ಹಿಂದೆ ಪ್ಯಾಂಥಿಯನ್ ಸೈನಿಕರು, ಎಲ್ಲರೂ ಒಂದೇ ಅಚ್ಚಿನವರು. ಅಲ್ಲಿ 100 ವರ್ಷದಿಂದ ಝೀರೋ ಮಲಗಿದ್ದಾನೆ. ಅವನನ್ನು ಎಬ್ಬಿಸಲು ಪ್ಯಾಸಿ ಎಂಬ ಸಣ್ಣ ಸೈಬರ್ ಎಲ್ಫ್, ಅಂದರೆ ಸಹಾಯಕ್ಕೆ ಬರುವ ಪುಟ್ಟ ಜೀವ, ತನ್ನ ಜೀವ ಕೊಡುತ್ತದೆ. ಎದ್ದವನಿಗೆ ತಾನು ಯಾರು ಅನ್ನೋದೇ ನೆನಪಿಲ್ಲ. ಕೊನೆಗೆ ಗೋಲೆಮ್ ಎಂಬ ದೈತ್ಯ ಯಂತ್ರ ಅಡ್ಡ ನಿಲ್ಲುತ್ತದೆ. ಬಸ್ಟರ್ ಗುಂಡು ಎಷ್ಟು ಹೊಡೆದರೂ ಅದಕ್ಕೆ ಏನೂ ಆಗುವುದಿಲ್ಲ. ಆಗ ಪಕ್ಕದ ಪರದೆಯಿಂದ ಒಂದು ದನಿ ಮಾತಾಡಿ ಕತ್ತಿ ಕೊಡುತ್ತದೆ. ಅದುವರೆಗೆ ತಪ್ಪಿಸಿಕೊಂಡು ಓಡುತ್ತಿದ್ದವರು ತಿರುಗಿ ನಿಂತು ಕಡಿಯುತ್ತೀರಿ. ಆ ದನಿ ಯಾರದು ಅಂತ ನಾನು ಹೇಳುವುದಿಲ್ಲ, ಆಡಿಯೇ ತಿಳಿಯಬೇಕು.

ನನಗೆ ಈ ಆಟ ಸಿಕ್ಕಿದ್ದು ಪುಣೆಯಲ್ಲಿದ್ದ ಕಾಕಾನಿಂದ. ನಮ್ಮದು ವಿಜಯಪುರ. ಕಾಕಾ ತಂದಿದ್ದು ಮೊದಲ ಮಾದರಿಯ ಗೇಮ್ ಬಾಯ್ ಅಡ್ವಾನ್ಸ್, ಮಡಚಲು ಬರದ ಅಗಲದ್ದು. ಅದರ 2.9 ಇಂಚಿನ ಸ್ಕ್ರೀನಿಗೆ ಸ್ವಂತ ಬೆಳಕೇ ಇಲ್ಲ. ಹೊರಗಿನ ಬೆಳಕು ಬಿದ್ದರೆ ಮಾತ್ರ ಚಿತ್ರ ಕಾಣುತ್ತದೆ. ಬಿಸಿಲಿಗೆ ನಮ್ಮ ಊರಲ್ಲಿ ಏನೂ ಕಮ್ಮಿ ಇಲ್ಲ. ಮಾಳಿಗೆ ಮೇಲೆ ಹೋಗಿ ಬಿಸಿಲಿಗೆ ಬೆನ್ನು ಮಾಡಿ ಕೂತರೆ ಬಣ್ಣ ಎಷ್ಟು ಚೆನ್ನಾಗಿ ಎದ್ದು ಬರುತ್ತಿತ್ತು ಅಂದರೆ, ಇವತ್ತಿನ ಫೋನಿನಲ್ಲೂ ಮಧ್ಯಾಹ್ನದ ಬಿಸಿಲಲ್ಲಿ ಅಷ್ಟು ಕಾಣುವುದಿಲ್ಲ. ಸಂಜೆ ಕತ್ತಲಾಯಿತು, ಕರೆಂಟ್ ಹೋಯಿತು ಅಂದರೆ ಮಾತ್ರ ಆಟ ಬಂದ್. ಎರಡು ಪೆನ್ಸಿಲ್ ಸೆಲ್ ಹಾಕಿದರೆ ಸುಮಾರು 15 ಗಂಟೆ ಓಡುತ್ತಿತ್ತು. ಬೆಳಗಾವಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಹಿಡಿದರೆ ಬಬಲೇಶ್ವರ ದಾಟುವಷ್ಟರಲ್ಲಿ ಒಂದು ಮಿಷನ್ ಮುಗಿಯುತ್ತಿತ್ತು. ಮಿಷನ್‌ಗಳನ್ನು ಅಷ್ಟೇ ಗಿಡ್ಡ ಮಾಡಿದ್ದಾರೆ. ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಆಟ ಹೇಗಿರಬೇಕು ಅಂತ ತಿಳಿದು ಮಾಡಿದವರು. ನಿಮ್ಮದು ಎಸ್‌ಪಿ, 2003ರಲ್ಲಿ ಬಂದ ಮಡಚುವ ಮಾದರಿ. ಅದರಲ್ಲಿ ಲೈಟೂ ಇದೆ, ಚಾರ್ಜ್ ಆಗುವ ಬ್ಯಾಟರಿಯೂ ಇದೆ. ರಾತ್ರಿಯೂ ಆಡಬಹುದು.

ಕಥೆಯನ್ನು ಬಿಟ್ಟು ಬರೀ ಹೊಡೆದಾಟ ಆಡಬೇಡಿ, ಇದು ನನ್ನ ಕಳಕಳಿಯ ಮಾತು. ನಿಯೋ ಆರ್ಕೇಡಿಯಾ ಎಂಬ ನಗರದಲ್ಲಿ ಮನುಷ್ಯರು ಸುಖವಾಗಿದ್ದಾರೆ. ಎನರ್ಜಿ ಸಾಲುತ್ತಿಲ್ಲ. ಅದಕ್ಕೆ ರೆಪ್ಲಾಯ್ಡ್‌ಗಳು, ಅಂದರೆ ಯೋಚಿಸುವ ಯಂತ್ರಮಾನವರು, ಕೆಟ್ಟುಹೋಗಿದ್ದಾರೆ ಅಂತ ಹಣೆಪಟ್ಟಿ ಹಚ್ಚಿ ಹಿಡಿದು ಕೊಲ್ಲುತ್ತಾರೆ. ಝೀರೋ ನಿಲ್ಲುವುದು ಹೀಗೆ ಬೇಟೆಗೆ ಸಿಕ್ಕವರ ಕಡೆ. ಸಿಯೆಲ್ ಮನುಷ್ಯಳೇ ಆದರೂ ಅವರ ಜೊತೆ ಇದ್ದಾಳೆ, ಹೊಸ ಎನರ್ಜಿ ಹುಡುಕಿದರೆ ಜಗಳವೇ ನಿಲ್ಲುತ್ತದೆ ಅಂತ ಕೆಲಸ ಮಾಡುತ್ತಿದ್ದಾಳೆ. ಅವರ ನೆಲೆಯಲ್ಲಿ ಮಿಷನ್‌ಗಳ ನಡುವೆ ಓಡಾಡಿ ಎಲ್ಲರನ್ನೂ ಮಾತಾಡಿಸಿ. ಆಂಡ್ರ್ಯೂ ಎಂಬ ಅಜ್ಜ ಇದ್ದಾನೆ. ಯಂತ್ರಕ್ಕೆ ವಯಸ್ಸು ಹೇಗೆ ಆಗುತ್ತದೆ ಅಂತ ನಿಮಗೆ ಅನ್ನಿಸಬಹುದು. ಅವನು ಒಬ್ಬ ಮನುಷ್ಯ ಹೆಂಗಸನ್ನು ಪ್ರೀತಿಸಿದವನು. ಅವಳಿಗೆ ವಯಸ್ಸಾದ ಹಾಗೆ ತನ್ನ ಮೈಯನ್ನೂ ಮುದಿ ಮಾಡಿಸಿಕೊಂಡ. ಇಷ್ಟು ಸಣ್ಣ ಕ್ಯಾಸೆಟ್ಟಿನಲ್ಲಿ ಇಂಥ ಮಾತು ಇಟ್ಟವರ ಮೇಲೆ ನನಗೆ ಬಹಳ ಗೌರವ.

ಸೈಬರ್ ಎಲ್ಫ್‌ಗಳ ವಿಷಯವೂ ಇದಕ್ಕೆ ಸೇರಿದ್ದು. ದಾರಿಯಲ್ಲಿ ಅವು ಸಿಗುತ್ತವೆ. ಕೆಲವು ಲೈಫ್ ಉದ್ದ ಮಾಡುತ್ತವೆ, ಕೆಲವು ಸಬ್ ಟ್ಯಾಂಕ್, ಅಂದರೆ ಆಮೇಲೆ ಬಳಸಲು ಲೈಫ್ ಕೂಡಿಡುವ ಡಬ್ಬಿ, ಆಗುತ್ತವೆ, ಕೆಲವು ಶತ್ರುವನ್ನು ತಡೆಯುತ್ತವೆ. ಆದರೆ ಬಳಸಿದರೆ ಎಲ್ಫ್ ಸಾಯುತ್ತದೆ, ಮಿಷನ್ ಮುಗಿದಾಗ ಸಿಗುವ ಅಂಕವೂ ಇಳಿಯುತ್ತದೆ. ಶುರುವಿನಲ್ಲೇ ಪ್ಯಾಸಿ ಸತ್ತಿದ್ದನ್ನು ತೋರಿಸಿ, ಆಮೇಲೆ ಅದೇ ಜಾತಿಯ ಜೀವಗಳನ್ನು ನಿಮ್ಮ ಕೈಗೆ ಕೊಟ್ಟು, ಏನು ಮಾಡುತ್ತೀರಿ ನೋಡೋಣ ಅನ್ನುತ್ತದೆ ಆಟ. ಮೊದಲ ಸಲ ಆಡುವವರು ಅಂಕದ ಚಿಂತೆ ಬಿಡಿ. ಲೈಫ್ ಹೆಚ್ಚಿಸುವ ಎಲ್ಫ್‌ಗಳನ್ನು ಬೆಳೆಸಿ ಬಳಸಿಕೊಳ್ಳಿ. ಎಲ್ಲಕ್ಕಿಂತ ಮೇಲಿನ ಎಸ್ ರ‍್ಯಾಂಕ್ ತೆಗೆಯುವ ಆಟ ಎರಡನೇ ಸಲಕ್ಕೆ ಇರಲಿ.

ಮುಂದೆ ಹೋದಂತೆ ಬೆಂಕಿ, ಮಂಜು, ಮಿಂಚು ಅಂತ ಮೂರು ಶಕ್ತಿಯ ಚಿಪ್‌ಗಳು ಸಿಗುತ್ತವೆ. ಬೆಂಕಿ ಮಂಜನ್ನು ಹೊಡೆಯುತ್ತದೆ, ಮಂಜು ಮಿಂಚನ್ನು, ಮಿಂಚು ಬೆಂಕಿಯನ್ನು. ಸರಿಯಾದ ಚಿಪ್ ಹಾಕಿಕೊಂಡು ಹೋದರೆ ಬಾಸ್‌ಗಳು ಬೇಗ ಬೀಳುತ್ತಾರೆ. ಹಾಗೇ ದಾರಿಯಲ್ಲಿ ಆನೆ ರೂಪದ ಒಬ್ಬ ಬಾಸ್ ಬರುತ್ತಾನೆ, ಹೆಸರು ಮಹಾ ಗಣೇಶರಿಫ್. ಜಪಾನಿನವರ ಆಟದಲ್ಲಿ ಆ ಹೆಸರು ನೋಡಿ ನಮ್ಮ ಮನೆಯಲ್ಲಿ ಎಲ್ಲರೂ ಸ್ಕ್ರೀನಿಗೆ ಬಗ್ಗಿದ್ದರು.

ಬೇರೆ ಭಾಗಗಳ ಬಗ್ಗೆ ಚುಟುಕಾಗಿ. 2002ರಲ್ಲಿ ಮೊದಲನೆಯದು ಬಂತು, ಆಮೇಲೆ ವರ್ಷಕ್ಕೊಂದರಂತೆ 2005ರವರೆಗೆ ನಾಲ್ಕು. ಆಡಲು ಎಲ್ಲಕ್ಕಿಂತ ಹದವಾಗಿರುವುದು ಮೂರನೆಯದು ಅಂತ ನನ್ನ ಅನಿಸಿಕೆ. ಅದರಲ್ಲಿ ಆಯುಧ ಪಳಗಿಸುವ ಕೆಲಸವೂ ಇಲ್ಲ, ಬಳಸಿದರೂ ಸಾಯದ ಎಲ್ಫ್‌ಗಳೂ ಇವೆ. ಆದರೂ ಅಲ್ಲಿಂದ ಶುರು ಮಾಡಿ ಅಂತ ಹೇಳಲಾರೆ. ನಾಲ್ಕೂ ಸೇರಿ ಒಂದೇ ಕಥೆ. ಮೂರನೆಯದರಲ್ಲಿ ಯಾರು ಯಾರಿಗಾಗಿ ಅಳುತ್ತಾರೆ ಅನ್ನೋದು ಮೊದಲ ಎರಡು ಆಡದೆ ಗೊತ್ತಾಗುವುದಿಲ್ಲ. ನಿಯೋ ಆರ್ಕೇಡಿಯಾದ ಸೇನಾಪತಿ ಹಾರ್ಪ್ಯುಯಾ ಮೊದಲ ಭಾಗದಲ್ಲಿ ನಿಮ್ಮ ಶತ್ರು. ಅವನ ಮೇಲೆ ಆಮೇಲೆ ಬರುವ ಮರುಕ ಮೊದಲು ಕತ್ತಿಗೆ ಕತ್ತಿ ಕೊಟ್ಟು ನಿಂತವರಿಗೇ ಬರುವುದು.

ಕ್ಯಾಸೆಟ್ ಅಸಲಿಯಾ ಅಂತ ಒಮ್ಮೆ ನೋಡಿಕೊಳ್ಳಿ. ಗೇಮ್ ಬಾಯ್ ಅಡ್ವಾನ್ಸ್‌ನ ನಕಲಿ ಕ್ಯಾಸೆಟ್‌ಗಳು ಬಹಳ ಓಡಾಡುತ್ತವೆ. ಅಸಲಿ ಲೇಬಲ್ ಮೇಲೆ ಎರಡಂಕಿಯ ಒಂದು ಸಂಖ್ಯೆ ಒತ್ತಿದ ಗುರುತು ಇರುತ್ತದೆ, ಬೆಳಕಿಗೆ ಓರೆ ಹಿಡಿದರೆ ಕಾಣುತ್ತದೆ. ನಕಲಿಯಲ್ಲಿ ಆಟ ಓಡಿದರೂ ಸೇವ್ ಮಾಡಿದ್ದು ಅಳಿಸಿಹೋಗುವ ತೊಂದರೆ ಇದೆ. ಅದಕ್ಕೆ ಇವತ್ತೇ ಸೇವ್ ಮಾಡಿ, ಆಫ್ ಮಾಡಿ, ನಾಳೆ ತೆಗೆದು ನೋಡಿ. ಇದ್ದರೆ ನಿಶ್ಚಿಂತೆ.

ಸೇವ್ ಅಳಿಸಿಹೋಗಿದ್ದರೆ ಅಥವಾ ಉಳಿದ ಮೂರು ಭಾಗದ ಕ್ಯಾಸೆಟ್ ಸಿಗದಿದ್ದರೆ, 2020ರಲ್ಲಿ ಕ್ಯಾಪ್ಕಾಮ್ ಝೀರೋದ ನಾಲ್ಕೂ ಭಾಗ, ಅದರ ಮುಂದಿನ ಸರಣಿ ಝಡ್ಎಕ್ಸ್‌ನ ಎರಡು ಭಾಗ ಸೇರಿಸಿ ಆರು ಆಟ ಒಂದೇ ಕಟ್ಟಿನಲ್ಲಿ ತಂದಿದೆ. ನಿಂಟೆಂಡೊ ಸ್ವಿಚ್, ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್, ಕಂಪ್ಯೂಟರ್, ಎಲ್ಲದಕ್ಕೂ ಇದೆ. ಅದರಲ್ಲಿ ಸೇವ್ ಅಸಿಸ್ಟ್ ಅಂತ ಒಂದು ಅನುಕೂಲ ಕೊಟ್ಟಿದ್ದಾರೆ. ಹಂತದ ನಡುವೆ ಸತ್ತರೆ ಮೊದಲಿಂದ ಬರಬೇಕಾಗಿಲ್ಲ, ಹಿಂದಿನ ಗುರುತಿನಿಂದ ಮುಂದುವರಿಯಬಹುದು. ಹೊಸಬರು ಅದನ್ನು ಆನ್ ಮಾಡಿಕೊಂಡು ಆಡುವುದರಲ್ಲಿ ಏನೂ ಕಡಿಮೆ ಇಲ್ಲ. ಸ್ವಿಚ್ ಇದ್ದರೆ ಅದರಲ್ಲೇ ಆಡಿ, ಕೈಯಲ್ಲಿ ಹಿಡಿದು ಆಡುವ ಸುಖ ಅದರಲ್ಲೂ ಇದೆ.